ಗಂಟೆಯ ಹೊತ್ತಿನ ಭಾಕರಿ

ಬೆಳಕು ಹರಿಯುವ ಮೊದಲೇ ಮಿರಜಿನ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಸಿಸ್ಟರ್ ಸೆಲಿನಾ ಪ್ರಾರ್ಥನಾಲಯ ಗುಡಿಸಿ, ಹಿರಿಯರಾದ ಮದರ್ ಅವರ ಸ್ನಾನಕ್ಕೆ ನೀರು ಕಾಯಿಸಿ, ಎಲ್ಲರಿಗೂ ಜೋಳದ ಭಾಕರಿ ಬಡಿಯುತ್ತಾಳೆ. ಗಂಟೆಯೆಂದರೆ ದೇವರ ದನಿ, ಕೇಳಿದೊಡನೆ ಕೈಯಲ್ಲಿದ್ದದ್ದನ್ನು ಬಿಟ್ಟು ಪ್ರಾರ್ಥನೆಗೆ ಬರಬೇಕೆಂಬುದು ಅಲ್ಲಿಯ ನಿಯಮ. ಸೆಲಿನಾ ಬಂದ ಸೀನನ್ನೂ ಅರ್ಧಕ್ಕೇ ಬಿಟ್ಟು ಓಡುವವಳು. "ವಿಧೇಯತೆ ಅಂದ್ರ ನಮ್ಮ ಸೆಲಿನಾ" ಎಂದು ಮದರ್ ಹೊಗಳುತ್ತಾರೆ. ಅವಳು ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಹಂಚಿನ ಮೇಲೆ ಕರಕಲಾದ ಭಾಕರಿ ದಿನವೂ ಯಾರ ತಟ್ಟೆಗೆ ಬೀಳುತ್ತದೆಂದು ಯಾರೂ ಕೇಳಿಲ್ಲ. ಅದು ಸೆಲಿನಾಳ ಪಾಲು. ಇವತ್ತು ಪಕ್ಕದ ಆಸ್ಪತ್ರೆಯಿಂದ ಒಬ್ಬ ಮುದುಕಿ ಹಿಂಬಾಗಿಲಿಗೆ ಬಂದಳು. "ಮಗಳು ಹಡದಾಳ್ರಿ ಅಕ್ಕಾರ, ನಿನ್ನಿಯಿಂದ ಹಸದಾಳ. ಒಂದು ಬಿಸಿ ಭಾಕರಿ ಕೊಡ್ರಿ." ಪ್ರಾರ್ಥನೆಯ ಗಂಟೆ ಹೊಡೆಯಿತು. "ಹೋಗ್ರಿ, ನಿಮ್ಮ ಗಂಟಿ ಆತು" ಎಂದು ಮುದುಕಿಯೇ ಹಿಂದೆ ಸರಿದಳು. "ಆಗ್ಲಿ, ನೀವು ಕುಂದ್ರಿ ಆಯಿ" ಎಂದ ಸೆಲಿನಾ ಭಾಕರಿ ಮಗುಚಿ ಹಾಕಿ, ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡಳು.