ಕಸಿಮಿರೊನ ದನಿಗೊಂದು ಮೈಕು

ಕಸಿಮಿರೊ ಪೀಪಾಯಿ ಕಟ್ಟುವವನು. ಸಾಂತಿಯಾಗೊ ಬಂದರಿನ ಹಿಂದಿನ ರಮ್ ಗೋದಾಮಿನಲ್ಲಿ ಕಬ್ಬಿಣದ ಪಟ್ಟಿ ಬಡಿದು ಬಡಿದು ಅವನ ಕೈ ಕೊರಡಾಗಿತ್ತು. ದನಿಯೂ ಅಷ್ಟೇ, ಪೀಪಾಯಿಯ ತಳದಿಂದ ಎದ್ದು ಬಂದಂತೆ. "ಕಸಿಮಿರೊ ಕೆಮ್ಮಿದ್ರೆ ನಮ್ಮನೆ ತಟ್ಟೆ ಅಲ್ಲಾಡ್ತವೆ" ಎಂದು ಅವನಿದ್ದ ತಿವೊಲಿ ದಿಬ್ಬದ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಮಾತಾಡುವ ಕೆಲಸವನ್ನೆಲ್ಲ ರೊಸೆಂಡೊಗೆ ಬಿಟ್ಟುಕೊಟ್ಟಿದ್ದ.

ರೊಸೆಂಡೊ ಕ್ಷೌರದಂಗಡಿಯವನು, ಗಿಟಾರ್ ನುಡಿಸುವವನು, ಹಾಡು ಕಟ್ಟುವವನು, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಬಡುಕ. ಮೂಲೆಯ ಕಾಫಿ ಅಂಗಡಿಯ ಮುಂದೆ ಇಬ್ಬರೂ ಹಾಡಲು ನಿಂತರೆ ರೊಸೆಂಡೊ ಮುಂದೆ, ಮೇಲಿನ ದನಿ. ಕಸಿಮಿರೊ ಅವನ ಭುಜದ ಹಿಂದೆ, ಕೆಳದನಿ. ಆ ಊರಿನ ಜೋಡಿ ಹಾಡುಗಾರರು ನಿಲ್ಲುತ್ತಿದ್ದುದೇ ಹಾಗೆ. ಹಿಂದೆ ನಿಂತವನನ್ನು 'ಎರಡನೆಯವನು' ಎನ್ನುತ್ತಿದ್ದರು. ಚಪ್ಪಾಳೆ ಮೊದಲನೆಯವನಿಗೆ, ತಳದಲ್ಲಿ ಉಳಿದ ರಮ್ಮು ಎರಡನೆಯವನಿಗೆ ಎಂದು ತಮಾಷೆ ಬೇರೆ. ಕಸಿಮಿರೊಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಮೀಸೆ ಬಂದಾಗಿನಿಂದ ಅವನು ಎರಡನೆಯವನೇ.

ಇವರಿಬ್ಬರಿಗೇ ಮೀಸಲಾದ ಒಂದು ಹಾಡಿತ್ತು. ರೊಸೆಂಡೊ ತನ್ನ ತೀರಿಹೋದ ಹೆಂಡತಿಯ ಮೇಲೆ ಕಟ್ಟಿದ್ದು. ವರ್ಷಕ್ಕೊಮ್ಮೆ, ಅವಳು ಸತ್ತ ದಿನ, ರೊಸೆಂಡೊನ ಮನೆಯ ಹಿತ್ತಲಲ್ಲಿ ಹಾಡುತ್ತಿದ್ದರು. ಕೇಳುವುದಕ್ಕೆ ಕಸಿಮಿರೊನ ಹೆಂಡತಿ ಬ್ರಿಹಿದಾ ಒಬ್ಬಳೇ. ರೊಸೆಂಡೊ ಎದೆರೋಗದಿಂದ ಹಾಸಿಗೆ ಹಿಡಿದಾಗ ಗೆಳೆಯನ ಕೈ ಹಿಡಿದುಕೊಂಡು, "ಆ ಹಾಡನ್ನ ನನ್ ಜೊತೆ ಮಣ್ಣು ಮಾಡ್ಬೇಡ ಮಾರಾಯ. ರೇಡಿಯೊದಲ್ಲಿ ಹಾಕ್ಸು" ಎಂದ. ಕಸಿಮಿರೊ ಹೂಂ ಎಂದ. ಅವನು ಹೂಂ ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ.

ರೇಡಿಯೊದಲ್ಲಿ ಧ್ವನಿ ಹಿಡಿಯುವ ಕೆಲಸದಲ್ಲಿದ್ದವಳು ಅದೇ ಬೀದಿಯ ಮಿರ್ತಾ. ಒಳ್ಳೆ ಹುಡುಗಿ, ಆದರೆ ಮೈಕಿನ ಹುಚ್ಚು. ಕಸಿಮಿರೊ ಬಂದು ಕೇಳಿದಾಗ ಅವಳಿಗೆ ರೊಸೆಂಡೊನ ಹಾಡಿಗಿಂತ ಹೆಚ್ಚಾಗಿ ಕಂಡದ್ದು ಆ ದನಿ. ಇಂಥ ಆಳದ ದನಿಗೆ ಯಾವ ಮೈಕು? ವಾರವೆಲ್ಲ ಅದೇ ಧ್ಯಾನ.

ಕಸಿಮಿರೊ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ರೇಡಿಯೊ ಕೇಂದ್ರಕ್ಕೆ ಬಂದ. ಊಟದ ಡಬ್ಬಿ ಹಿಡಿದು ಜೊತೆಗೆ ಬಂದ ಬ್ರಿಹಿದಾ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

"ಇಲ್ಲಿ ನಿಂತ್ಕೊಳ್ಳಿ ಮಾವ" ಎಂದು ಮಿರ್ತಾ ಮೈಕಿನ ಮುಂದೆ ನಿಲ್ಲಿಸಿದರೆ, ಅವನು ಹಿಂದಕ್ಕೆ ಸರಿದು ಒಂದು ಪಕ್ಕಕ್ಕೆ ನಿಂತ.

"ಯಾರಿಗೆ ಜಾಗ ಬಿಡ್ತಿದೀರಿ?"

"ಅಭ್ಯಾಸ ಮಗಳೇ."

ಮಿರ್ತಾ ನಕ್ಕು ತೋಳು ಹಿಡಿದು ಮುಂದಕ್ಕೆ ಎಳೆದಳು.

ಮೊದಲು ವಾರ್ತೆ ಓದುವವರ ಮೈಕು. ದನಿ ಕಂಬಳಿ ಹೊದ್ದು ಮಲಗಿತು. ಆಮೇಲೆ ಹೊಸದು, ಉಸಿರನ್ನೂ ಬಿಡದೆ ಹಿಡಿಯುವಂಥದ್ದು. ಅದು ಅವನ ಹಲ್ಲುಕಟ್ಟಿನ ಟಿಕ್ ಟಿಕ್ ಹಿಡಿಯಿತು, ಎದೆಯನ್ನು ಬಿಟ್ಟಿತು. ಕೊನೆಗೆ ಬೀರುವಿನಿಂದ ಹಳೆಯದನ್ನು ತೆಗೆದಳು, ಒಳಗೆ ತೆಳು ಲೋಹದ ಪಟ್ಟಿ ಇರುವ ಭಾರದ ಮೈಕು. ಅದರ ಹತ್ತಿರ ನಿಂತರೆ ಕೆಳದನಿ ಉಬ್ಬಿ ಗೋಡೆಯನ್ನೇ ನುಂಗುತ್ತಿತ್ತು. ಅವನನ್ನು ಚೂರು ಚೂರೇ ಹಿಂದಕ್ಕೆ ಸರಿಸುತ್ತ ಬಂದಳು. ಒಂದು ಜಾಗದಲ್ಲಿ ದನಿ ಸರಿಯಾಗಿ ಕೂತಿತು ನೋಡಿ, ಅವಳ ತೋಳಿನ ರೋಮ ಎದ್ದು ನಿಂತವು.

ದನಿಯೇನೋ ಬಂತು, ಹಾಡು ಬರಲಿಲ್ಲ. ಒಂದೇ ಸ್ವರ ಹಿಡಿದು ಎಳೆಯುವುದು, ಎರಡು ಮೆಟ್ಟಿಲು ಹತ್ತಿ ಮತ್ತೆ ಇಳಿಯುವುದು, ನಡುವೆ ಸುಮ್ಮಸುಮ್ಮನೆ ನಿಂತುಬಿಡುವುದು. ಸಪ್ಪೆ ಎಂದರೆ ಸಪ್ಪೆ. ಪಾಪ, ಮುದುಕ ರೊಸೆಂಡೊ ಹೆಂಡತಿಯ ದುಃಖದಲ್ಲಿ ಏನೋ ಕಟ್ಟಿದ್ದಾನೆ ಎಂದುಕೊಂಡಳು ಮಿರ್ತಾ. ಕೇಳಿಸಿಕೊಳ್ಳಲಾರದವಳು ಹಾಡೇ ಡೊಂಕು ಎಂದಳು, ಅದೂ ಮನಸ್ಸಿನಲ್ಲೇ.

ಹಾಡಿದ್ದನ್ನು ಕೇಳಿಸಲು ಕಸಿಮಿರೊನ ಕಿವಿಗೆ ಹೆಡ್‌ಫೋನ್ ಹಾಕಿದಳು. ಅವನು ಕಣ್ಣು ಮುಚ್ಚಿ ಕೇಳಿದ. ಹುಬ್ಬು ಗಂಟಾಯಿತು. ಕಣ್ಣು ಬಿಟ್ಟು ಕೇಳಿದ, "ರೊಸೆಂಡೊ ಎಲ್ಲಿ?"

ಮಿರ್ತಾ ಹತ್ತಿರ ಬಂದಳು. ಅವನ ಕೈ ಹಿಡಿದು, "ಅವ್ರು ಹೋಗಿ ವರ್ಷ ಆಯ್ತಲ್ಲ ಮಾವ" ಎಂದಳು.

ಅವನು ಅವಳನ್ನೇ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದು, "ಹೌದು" ಎಂದಷ್ಟೇ ಹೇಳಿದ.

ಸತ್ತ ಗೆಳೆಯನ ಹಾಡು ಚೆನ್ನಾಗಿಲ್ಲ ಎಂದು ಯಾವ ಬಾಯಿಂದ ಹೇಳುವುದು? ನೋಯಿಸಬಾರದೆಂದು ಮಿರ್ತಾ ಒಂದು ಸುಳ್ಳು ಹೇಳಿದಳು. "ಯಾಕೋ ನಿಮ್ಮ ದನಿ ಮೈಕಿಗೆ ಕೂರ್ತಿಲ್ಲ ಮಾವ. ಬೇರೆ ಮೈಕು ಬರ್ಲಿ, ಹೇಳಿ ಕಳಿಸ್ತೀನಿ."

ಕಸಿಮಿರೊ ಟೋಪಿ ಹಾಕಿಕೊಂಡು ಹೋದ. ಅವಳು ಹೇಳಿ ಕಳಿಸಲಿಲ್ಲ, ಅವನೂ ಕೇಳಲಿಲ್ಲ. ದಾರಿಯಲ್ಲಿ ಸಿಕ್ಕರೆ ಟೋಪಿ ಮುಟ್ಟಿ ಮುಂದೆ ಸಾಗುತ್ತಿದ್ದ. ಮರುವರ್ಷ ಕಾರ್ನಿವಲ್ಲಿನ ಡೋಲುಗಳು ಸುಮ್ಮನಾದ ವಾರದಲ್ಲೇ ಹೃದಯ ನಿಂತು ತೀರಿಕೊಂಡ.

ಮಿರ್ತಾ ಅವತ್ತು ಹಿಡಿದಿದ್ದ ಧ್ವನಿಯನ್ನು ಕ್ಯಾಸೆಟ್ಟಿಗೆ ಇಳಿಸಿ, ಟೇಪ್ ರೆಕಾರ್ಡರ್ ಹಿಡಿದು ಬ್ರಿಹಿದಾಳ ಮನೆಗೆ ಹೋದಳು. ಗಂಡನ ದನಿಯಾದರೂ ಇರಲಿ ಪಾಪ ಎಂದು. ಬ್ರಿಹಿದಾ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಹಾಕು" ಎಂದಳು, ತಲೆ ಎತ್ತದೆ.

ಕಸಿಮಿರೊನ ದನಿ ಬಾಗಿಲ ತುಂಬ ಬಂತು. ಬ್ರಿಹಿದಾಳ ಬೆರಳು ಅಕ್ಕಿಯಲ್ಲೇ ನಿಂತವು. ಅವಳು ಬಾಯಿ ತೆರೆದು ಸಣ್ಣ ದನಿಯಲ್ಲಿ ಹಾಡತೊಡಗಿದಳು, ಅವನಿಗಿಂತ ಮೇಲೆ, ಬೇರೆಯೇ ದಾರಿಯಲ್ಲಿ. ಅವನು ಎಳೆದ ಸ್ವರದ ಮೇಲೆ ಅವಳು ನಡೆದಳು. ಅವನು ನಿಂತಲ್ಲಿ ಅವಳ ಸಾಲು ತುಂಬಿಕೊಂಡಿತು. ಎಂಥ ಹಾಡು ಅದು! ಮಿರ್ತಾ ಅವಳ ಬಾಯನ್ನೇ ನೋಡಿದಳು.

"ಏನತ್ತೆ ಇದು?"

"ಹಾಡು ಕಣೆ. ರೊಸೆಂಡೊ ಹಾಡ್ತಿದ್ದದ್ದು ಇದು. ಇವ್ರಿಗೆ ಇದೆಲ್ಲಿ ಬರುತ್ತೆ? ಇವ್ರು ಎರಡನೆಯವ್ರು. ಅಷ್ಟೇ ಗೊತ್ತು."

ಅಯ್ಯೋ, ಇಷ್ಟು ವರ್ಷ ಕಿವಿಯಿಂದಲೇ ಅನ್ನ ತಿಂದವಳು ಮಿರ್ತಾ. ಜೋಡಿ ಹಾಡಿನ ಊರಿನಲ್ಲೇ ಹುಟ್ಟಿದವಳು. ಎರಡನೆಯವನು ಒಬ್ಬನೇ ಬಂದಾಗಲೂ ಎರಡನೆಯದನ್ನೇ ಹಾಡುತ್ತಾನೆಂದು ಅವಳಿಗೆ ಹೊಳೆಯಲಿಲ್ಲ. ರೊಸೆಂಡೊ ಎಲ್ಲಿ ಎಂದು ಅವನು ಕೇಳಿದ್ದು ದುಃಖಕ್ಕಲ್ಲ. ತಲೆಯೊಳಗೆ ಸದಾ ಕೇಳುತ್ತಿದ್ದ ಹಾಡು ಹೆಡ್‌ಫೋನಿನಲ್ಲಿ ಕೇಳಲಿಲ್ಲ, ಅದಕ್ಕೆ.

"ಅವತ್ತು ಮನೆಗ್ ಬಂದು ಏನಂದ್ರು ಗೊತ್ತಾ?" ಎಂದಳು ಬ್ರಿಹಿದಾ. "'ಮೂರು ಮೈಕೂ ನನ್ನ ಒಲ್ಲೆ ಅಂದ್ವು ಕಣೆ. ರೊಸೆಂಡೊಗೆ ಕೊಟ್ಟ ಮಾತು ಹೋಯ್ತು' ಅಂದ್ರು. ಆಮೇಲೆ ಸ್ನಾನ ಮಾಡೋವಾಗ್ಲೂ ಹಾಡ್ಲಿಲ್ಲ."

ಮಿರ್ತಾ ಅಳುತ್ತಿದ್ದಳು. "ಈಗ ಬನ್ನಿ ಅತ್ತೆ. ನೀವು ಹಾಡಿ, ನಾನು ಎರಡೂ ಸೇರಿಸ್ತೀನಿ. ರೇಡಿಯೊದಲ್ಲಿ ಬರುತ್ತೆ."

"ಬರ್ತೀನಿ. ಮಾತು ಉಳೀಬೇಕಲ್ಲ. ಅವತ್ತೇ ಕರೆದಿದ್ರೆ ಅವರ ಮುಂದೆ ನಿಂತು ಹಾಡ್ತಿದ್ದೆ. ನಾನು ಹೊರಗೇ ಕೂತಿದ್ನಲ್ಲ, ಡಬ್ಬಿ ಹಿಡ್ಕೊಂಡು."

ಬ್ರಿಹಿದಾ ಮೊರವನ್ನು ಪಕ್ಕಕ್ಕಿಟ್ಟು ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಾಡು ಮುಗಿದು, ಕಸಿಮಿರೊ ಒಮ್ಮೆ ಉಸಿರು ಬಿಟ್ಟದ್ದು ಕೇಳಿತು.

"ಯಾವ ಮೈಕು ಇದು?"

"ಕೊನೇದು. ಹಳೇದು."

"ಪಕ್ಕದಲ್ಲೇ ಕೂತಂಗಿದೆ ಕಣೆ. ದನಿ ಚೆನ್ನಾಗೇ ಬಂದಿದೆ ಅಂತ ಅವ್ರಿಗೆ ಒಂದ್ ಮಾತು ಹೇಳ್ಬಾರ್ದಿತ್ತಾ?"