ನೂರರಲ್ಲಿ ಮುಟ್ಟಿದ್ದೆಷ್ಟು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ತನ್ನ ತಕ್ಕಡಿ ರಿಪೇರಿ ಅಂಗಡಿಯಲ್ಲಿ ತಕ್ಕಡಿಯಕ್ಕ ಹಣ್ಣಿನಂಗಡಿಯವನ ತೂಕದ ಯಂತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಹೊಟ್ಟೆಯೊಳಗೆ ಸೇರಿಕೊಂಡಿದ್ದ ಜಿರಲೆ ಮೊಟ್ಟೆಯನ್ನು ಚಿಮಟದಿಂದ ಕೀಳುತ್ತಿದ್ದಳು. ಫೋನು ಬೆಳಗಿತು. ತಮ್ಮನ ವಿಡಿಯೊ ಕರೆ.

ತಮ್ಮ ಹುಟ್ಟು ಕಿವುಡ. ಆರು ಗಂಟೆ ಬಸ್ಸಿನ ದೂರದಲ್ಲಿ, ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಕೆಲಸ. ಅಕ್ಷರ ಅವನಿಗೆ ಹತ್ತಲಿಲ್ಲ. ಅವಳಿಗೆ ಏಳು, ಅವನಿಗೆ ನಾಲ್ಕು ವರ್ಷವಿದ್ದಾಗ ಇಬ್ಬರೂ ಆಟವಾಡುತ್ತ ಕಟ್ಟಿಕೊಂಡ ಕೈಮಾತೇ ಅವನಿಗಿದ್ದ ಭಾಷೆ. ಹೆತ್ತ ತಾಯಿಗೂ ಅದು ಅರ್ಧಂಬರ್ಧ ತಿಳಿಯುತ್ತಿತ್ತು. ಪೂರ್ತಿ ಬಲ್ಲವರು ಲೋಕದಲ್ಲಿ ಇಬ್ಬರೇ. ಮೇಸ್ತ್ರಿಯ ಹತ್ತಿರ ರಜೆ ಕೇಳುವುದಿರಲಿ, ಬಾಡಿಗೆ ಮನೆಯವನೊಡನೆ ನೀರಿಗಾಗಿ ಜಗಳವಾಡುವುದಿರಲಿ, ಅವನು ಫೋನಿನಲ್ಲಿ ಕೈಯಾಡಿಸುತ್ತಿದ್ದ, ಅಕ್ಕ ಇಲ್ಲಿಂದ ಬಾಯಿಬಿಟ್ಟು ಹೇಳುತ್ತಿದ್ದಳು. ಅದಕ್ಕೆಂದೇ ಅವಳು ‘ಅನ್‌ಲಿಮಿಟೆಡ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಪ್ಲಾನ್ ಹಾಕಿಸಿಕೊಂಡಿದ್ದಳು.

ಆ ದಿನ ಹತ್ತೊಂಬತ್ತನೇ ತಾರೀಕು. ಕಣ್ಣಿನ ಕ್ಲಿನಿಕ್ಕಿನಲ್ಲಿ ತಮ್ಮ ಕೂತಿದ್ದ. ಪಕ್ಕದಲ್ಲಿದ್ದ ಸಹಾಯಕಿ, ಇವರಿಗೆ ಏನಾಗಿದೆ ಕೇಳಿ ಹೇಳಿ ಎಂದಳು. ದನಿ ನೀರು ಹರಿದಂತೆ ಬರುತ್ತಿತ್ತು. ಕೈ ಬರುತ್ತಿರಲಿಲ್ಲ. ತಮ್ಮನ ಅಂಗೈ ಹಣೆಯ ಹತ್ತಿರ ಹೋಗಿ ಕಲ್ಲಾಯಿತು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಮಡಿಲಲ್ಲಿತ್ತು. ನಡುವೆ ಅವನು ಏನು ಹೇಳಿದನೋ ದೇವರಿಗೇ ಗೊತ್ತು. ಚಿತ್ರ ನಿಂತಿದೆ, ಐದು ನಿಮಿಷ ತಾಳಿ ಎಂದು ಅಕ್ಕ ಅಂಗಲಾಚಿದಳು. ಸಹಾಯಕಿಯ ಹಿಂದೆ ಇಪ್ಪತ್ತು ಜನ ಕೂತಿದ್ದರು. ಉಜ್ಜಿ ಉಜ್ಜಿ ಕೆಂಪಾಗಿದ್ದ ಕಣ್ಣಿಗೆ ಹನಿ ಔಷಧಿ ಬರೆದು, ವಾರ ಬಿಟ್ಟು ಬರಲಿ ಎಂದು ಕಳಿಸಿದಳು.

ತಕ್ಕಡಿಯನ್ನು ದೂರುವ ಮೊದಲು ಅದು ಕೂತ ನೆಲ ಸಮ ಇದೆಯಾ ನೋಡು ಎಂಬುದು ಅವಳ ಅಪ್ಪ ಕಲಿಸಿದ ಪಾಠ. ಆ ಪಾಠವೇ ಅವಳ ಒಂದು ದಿನವನ್ನು ನುಂಗಿತು. ತಪ್ಪು ತನ್ನ ಕಡೆಯದೇ ಇರಬೇಕೆಂದು ಫೋನು ಆರಿಸಿ ಹಚ್ಚಿದಳು, ಮಹಡಿ ಹತ್ತಿದಳು, ಸಿಮ್ ತೆಗೆದು ಒರೆಸಿದಳು. ಮರುದಿನ ಮಧ್ಯಾಹ್ನ, ಇಪ್ಪತ್ತು ಜಾಹೀರಾತುಗಳ ನಡುವೆ ಹೂತಿದ್ದ ಸಂದೇಶ ಕಣ್ಣಿಗೆ ಬಿತ್ತು: ನೀವು ಅತಿ ಬಳಕೆದಾರರು, ಇತರ ಗ್ರಾಹಕರ ಅನುಕೂಲಕ್ಕಾಗಿ ತಿಂಗಳ ಕೊನೆಯವರೆಗೆ ನಿಮ್ಮ ವೇಗವನ್ನು ತಗ್ಗಿಸಲಾಗಿದೆ. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಬಿಚ್ಚಿಟ್ಟ ಯಂತ್ರವನ್ನು ಹಾಗೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದಳು.

ರಾತ್ರಿ ಅವಳು ತಲುಪಿದಾಗ ತಮ್ಮ ತನ್ನ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದ. ಅಂಗೈಯನ್ನು ಹಣೆಯ ಮೇಲಿಟ್ಟು, ಅಂಗಡಿಯ ಶಟರ್ ಎಳೆದಂತೆ ನಿಧಾನವಾಗಿ ಎಡಗಣ್ಣಿನ ಮೇಲೆ ಇಳಿಸಿದ. ಅವಳಿಗೆ ಅರ್ಥವಾಗಲು ಅರ್ಧ ಸೆಕೆಂಡೂ ಬೇಕಾಗಲಿಲ್ಲ. ಮೇಲಿಂದ ಕಪ್ಪು ಪರದೆ ಇಳಿಯುತ್ತಿದೆ.

ದೊಡ್ಡಾಸ್ಪತ್ರೆಯಲ್ಲಿ ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು. ಕಣ್ಣೊಳಗಿನ ಪೊರೆ, ರೆಟಿನಾ, ಹರಿದು ಸುಲಿಯುತ್ತ ಬಂದಿತ್ತು. ಎರಡು ದಿನ ಮೊದಲೇ ಬಂದಿದ್ದರೆ ಪೂರ್ತಿ ಉಳಿಸಬಹುದಿತ್ತು ಎಂದರು ಡಾಕ್ಟರು. ಕೆಳಗಿನರ್ಧ ನೋಟ ಉಳಿಯಿತು, ಮೇಲಿನರ್ಧ ಹೋಯಿತು. ಕಣ್ಣೇ ಕಿವಿಯಾದವನಿಗೆ ಅದು ಎಷ್ಟು ದೊಡ್ಡ ನಷ್ಟವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ತಮ್ಮ ನಗುತ್ತ ಕೈಯಾಡಿಸಿದ: ಬೈಯುವುದಿದ್ದರೆ ಇನ್ನು ಮೇಲೆ ಬಲಗಡೆ ಬಂದು ನಿಂತು ಬೈ. ಅವಳು ನಗಲಿಲ್ಲ.

ಊರಿಗೆ ಮರಳಿ ಅವಳು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ತಕ್ಕಡಿ ಸುಳ್ಳು ಹೇಳುತ್ತದೆಯೇ ಎಂದು ತಿಳಿಯಲು, ತೂಕ ಗೊತ್ತಿರುವ ಕಬ್ಬಿಣದ ಬಟ್ಟನ್ನೇ ಅದರ ಮೇಲಿಡಬೇಕು. ವಿಡಿಯೊ ಕರೆಯಲ್ಲಿ ತಮ್ಮ ಸೆಕೆಂಡಿಗೊಂದರಂತೆ, ಒಂದರಿಂದ ನೂರರವರೆಗೆ ಕೈಯಲ್ಲಿ ಎಣಿಸಿ ತೋರಿಸಿದ. ಕಂಡ ಅಂಕಿಗೆ ಮಾತ್ರ ಅವಳು ಗೀಟು ಎಳೆದಳು. ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣಿಸಿ, ಮೂರು ಸಲದ ಸರಾಸರಿ ಬರೆದಳು. ಹೊಸ ತಿಂಗಳ ಒಂದನೇ ತಾರೀಕು ಮತ್ತೆ ಮೂರು ಸಲ. ಒಂದನೇ ತಾರೀಕು ನೂರಕ್ಕೆ ನೂರೂ ಬಂದವು.

ಎರಡನೇ ತಾರೀಕು ಹಾಳೆಯನ್ನು ಮಡಚಿ, ಒಂದು ಕಿಲೋ ಬಟ್ಟನ್ನು ಚೀಲಕ್ಕೆ ಹಾಕಿಕೊಂಡು ಫೋನ್ ಕಂಪನಿಯ ಕಚೇರಿಗೆ ಹೋದಳು. ಗಾಜಿನ ಮೇಜಿನ ಹಿಂದಿದ್ದ ಗುಮಾಸ್ತ ಮರ್ಯಾದಸ್ಥ. ಅನ್‌ಲಿಮಿಟೆಡ್ ಅಂದರೆ ನಿಲ್ಲುವುದಿಲ್ಲ ಎಂದರ್ಥ, ವೇಗದ ಮಾತು ಯಾರೂ ಕೊಟ್ಟಿಲ್ಲ, ಷರತ್ತುಗಳ ಹಾಳೆಯಲ್ಲಿದೆ ಎಂದು ತಾಳ್ಮೆಯಿಂದ ವಿವರಿಸಿದ.

“ಮಾತಾಡೋದಕ್ಕೆ ವಾಯ್ಸ್ ಕಾಲ್ ಇತ್ತಲ್ಲ ಮೇಡಂ?” ಎಂದೂ ಕೇಳಿದ.

“ನನ್ನ ತಮ್ಮ ಮಾತಾಡೋದು ಕೈಯಲ್ಲಿ,” ಎಂದಳು. ಬಟ್ಟನ್ನು ತೆಗೆದು ಗಾಜಿನ ಮೇಲಿಟ್ಟಳು. “ಇದು ಒಂದು ಕಿಲೋ. ಹತ್ತೊಂಬತ್ತನೇ ತಾರೀಕೂ ಒಂದು ಕಿಲೋನೇ. ಹಣ್ಣಿನಂಗಡಿಯವನು ನೀವು ಜಾಸ್ತಿ ತಿಂತೀರಿ ಅಂತ ತಿಂಗಳ ಕೊನೇಲಿ ಕಿಲೋಗೆ ನೂರು ಗ್ರಾಂ ತೂಗಿದ್ರೆ, ಅವನನ್ನ ಕಳ್ಳ ಅಂತೀವಿ. ನಿಮ್ಮನ್ನ ಏನಂತಾರೆ?”

ಗುಮಾಸ್ತ ಬಟ್ಟನ್ನು ನೋಡಿದ, ಅವಳನ್ನು ನೋಡಲಿಲ್ಲ. ದೂರಿನ ನಮೂನೆ ತೆರೆದು, ‘ನೆಟ್ ನಿಧಾನ’ ಎಂದು ಟೈಪ್ ಮಾಡಿ, ಇಷ್ಟು ಸಾಕಾ ಎಂದು ಕೇಳಿದ.

ತಕ್ಕಡಿಯಕ್ಕ ಗೀಟುಗಳ ಹಾಳೆಯನ್ನು ಬಿಡಿಸಿ ಬಟ್ಟಿನ ಕೆಳಗೆ ಸಿಕ್ಕಿಸಿದಳು.

“ನಿಧಾನ ಅಂತ ಬರೀಬೇಡಿ. ಲೆಕ್ಕ ಬರೀರಿ. ನನ್ನ ತಮ್ಮ ಹೇಳಿದ್ದು ನೂರು. ನನಗೆ ಮುಟ್ಟಿದ್ದು ಹನ್ನೊಂದು.”