ಚಿತ್ರದ ಪುಸ್ತಕಕ್ಕೆ ಬತ್ತ ಎತ್ತಿದ ಚಿಕ್ಕಮ್ಮ

ನಿನ್ನೆ ಅಂಗಡಿಯಲ್ಲಿ ಮಕ್ಕಳ ಪುಸ್ತಕವೊಂದನ್ನು ತೆರೆದೆ. ಅದರ ಅಂಟಿನ ವಾಸನೆ ನನ್ನನ್ನು ಟಿ. ನರಸೀಪುರದ ಹತ್ತಿರದ ನಮ್ಮೂರಿಗೆ ಎಳೆದೊಯ್ದಿತು.

ಚಿಕ್ಕಮ್ಮ ಅಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಕೂಲಿಯವರ ಮಕ್ಕಳಿಗೆ ಚಿತ್ರದ ಪುಸ್ತಕ ಕೊಡುವ ಸಂಘವೊಂದಕ್ಕಾಗಿ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಬತ್ತ ಎತ್ತುತ್ತಿದ್ದಳು. ಅವಳ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ.

ಒಂದು ಸಲ ದೊಡ್ಡ ಜಮೀನಿನ ಗೌಡರು ಕಣದಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ, "ಎಲ್ಲಾ ಬುಕ್ಕು ಓದ್ಕಂಡು ಕೂತ್ರೆ ನಮ್ ಗದ್ದೆಗೆ ಯಾರಮ್ಮ ಇಳಿಯೋರು?" ಎಂದು ನಕ್ಕರು.

"ಓದ್ದೋರೂ ಇಳೀಬೋದಲ್ವಾ ಗೌಡ್ರೇ?" ಎಂದಳು ಚಿಕ್ಕಮ್ಮ.

ಗೌಡರು ಒಂದು ಮೊರ ಬತ್ತ ಹಾಕಿಸಿ, "ಉಷಾರು ಕಣಮ್ಮ, ಒಬ್ಳೇ ಓಡಾಡ್ತೀಯ," ಎಂದರು.

ಮರುದಿನದಿಂದ ಗೌಡರು ಕೂಲಿಯವರೇ ಇದ್ದ ನಮ್ಮ ಬೀದಿಯ ಯಾರನ್ನೂ ಕೊಯ್ಲಿಗೆ ಕರೆಯಲಿಲ್ಲ. ಚಿಕ್ಕಮ್ಮ ಹೋದಲ್ಲೆಲ್ಲ ಗೌಡರ ಮಗನ ಬೈಕು ದೂರದಲ್ಲಿ ನಿಂತಿರುತ್ತಿತ್ತು. ಬೀದಿಯ ಹೆಂಗಸರು ನಮ್ಮ ಮನೆಗೆ ಬಂದು, "ಬ್ಯಾಡ ಬುಡವ್ವ, ಮನೇಲಿ ಒಲೆ ಉರ್ದಿಲ್ಲ," ಎಂದು ಅತ್ತರು.

"ಈಗ ನಿಲ್ಸುದ್ರೆ, ನಾಳೆ ಏನ್ ಕೇಳುದ್ರೂ ಇಂಗೇ ಮಾಡ್ತಾರೆ ಕಣ್ರವ್ವ," ಎಂದಳು ನಮ್ಮಜ್ಜಿ. ಚಿಕ್ಕಮ್ಮ ಚೀಲ ಹಿಡಿದು ಮತ್ತೆ ಹೊರಟಳು.

ಪುಸ್ತಕಗಳು ಬಂದವು. ಮಕ್ಕಳು ಆನೆಯ ಚಿತ್ರ ನೋಡಿ ಕೇಕೆ ಹಾಕುತ್ತಿದ್ದಾಗ ಆ ಬೈಕು ಅಂಗನವಾಡಿಯ ಬಾಗಿಲಿಗೇ ಬಂತು. ಗೌಡರ ಮಗ ಇಳಿಯಲಿಲ್ಲ, ಎಂಜಿನ್ನನ್ನೂ ನಿಲ್ಲಿಸಲಿಲ್ಲ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು ಕಥೆಯನ್ನು ಇನ್ನೂ ಜೋರಾಗಿ ಓದಿದಳು. ಕಥೆ ಮುಗಿಯುವವರೆಗೂ ಅವನು ಕದಲಲಿಲ್ಲ.

ಕೊಯ್ಯುವವರಿಲ್ಲದೆ ಗದ್ದೆಯಲ್ಲಿ ತೆನೆಯ ಕಾಳು ಉದುರತೊಡಗಿದಾಗ ಗೌಡರೇ ಕೂಲಿಗೆ ಹೇಳಿಕಳಿಸಿದರು. ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಚಿಕ್ಕಮ್ಮ ಈಗ ನಮ್ಮ ಜೊತೆಗಿದ್ದಾಳೆ. ಮನೆಯಲ್ಲಿ ಎಲ್ಲಿ ಕೂತರೂ ಅವಳು ಬಾಗಿಲಿಗೆ ಬೆನ್ನು ಹಾಕುವುದಿಲ್ಲ.